ಕಟ್ಟಿದ ಮೂಗು: ನಾನು ನೋಡಿಕೊಂಡ ಬಗೆ

ಮೂಗು ಕಟ್ಟಿದರೆ ಸಾಕು, ನಾವೆಲ್ಲ "ನೆಗಡಿ ಆಗಿದೆ" ಅಂದುಬಿಡುತ್ತೇವೆ. ನೆಗಡಿಯಾದರೆ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ತಾನಾಗೇ ಇಳಿಯುತ್ತದೆ. ನನ್ನದು ವರ್ಷಗಟ್ಟಲೆ ಇಳಿದಿರಲಿಲ್ಲ. ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು, ನೀರಿನಂಥ ಸಿಂಬಳ, ಕಣ್ಣಿನ ತುರಿಕೆ. ರಾತ್ರಿ ಬಾಯಲ್ಲೇ ಉಸಿರಾಟ. ಜ್ವರ ಇಲ್ಲ, ಮೈಕೈ ನೋವಿಲ್ಲ.

ಇಎನ್‌ಟಿ ಡಾಕ್ಟರು ಮೊದಲು ಕೇಳಿದ್ದು ಇಷ್ಟೇ: "ಯಾವಾಗಲೂ ಒಂದೇ ಹೊಳ್ಳೆ ಕಟ್ಟುತ್ತೇನಮ್ಮಾ, ಇಲ್ಲಾ ಬದಲಾಗುತ್ತಾ?" ಬದಲಾಗುತ್ತಿತ್ತು. ಮಗ್ಗುಲು ಬದಲಿಸಿದರೆ ಕೆಳಗಿನ ಹೊಳ್ಳೆ ಕಟ್ಟಿಕೊಳ್ಳುತ್ತಿತ್ತು.

ಈ ಪ್ರಶ್ನೆ ಯಾಕೆ ಮುಖ್ಯ ಅಂತ ಅವರೇ ವಿವರಿಸಿದರು. ಮೂಗಿನೊಳಗೆ ಪಕ್ಕದ ಗೋಡೆಗಳಲ್ಲಿ ಮಡಿಕೆಗಳಿವೆ, ಟರ್ಬಿನೇಟ್ ಅಂತಾರೆ. ಅವುಗಳಲ್ಲಿ ರಕ್ತನಾಳಗಳು ಜಾಸ್ತಿ. ಆರೋಗ್ಯವಾಗಿ ಇರೋರಲ್ಲೂ ಕೆಲವು ಗಂಟೆಗೊಮ್ಮೆ ಒಂದು ಕಡೆ ಊದಿಕೊಂಡು ಇನ್ನೊಂದು ಕಡೆ ಇಳಿಯುತ್ತಿರುತ್ತದೆ, ನಮಗೆ ಗೊತ್ತಾಗೋದಿಲ್ಲ ಅಷ್ಟೆ. ಅದರ ಮೇಲೆ ಅಲರ್ಜಿಯ ಊತವೂ ಸೇರಿದರೆ ಆ ಹೊಳ್ಳೆಯಲ್ಲಿ ಉಸಿರಾಡೋಕೆ ಆಗೋದಿಲ್ಲ. ಅಂದರೆ ನನ್ನ ಮೂಗು ಕಟ್ಟಿದ್ದು ಹೆಚ್ಚಾಗಿ ಸಿಂಬಳದಿಂದಲ್ಲ, ಊತದಿಂದ. ಎಷ್ಟು ಜೋರಾಗಿ ಸೀದಿದರೂ ಅದು ಬಿಡೋದಿಲ್ಲ.

ಯಾವಾಗಲೂ ಒಂದೇ ಕಡೆ ಕಟ್ಟುತ್ತಿದ್ದರೆ ಮೂಗಿನ ನಡುಗೋಡೆ ವಾಲಿರಬಹುದು. ಜನ ದುರ್ಮಾಂಸ ಅಂತ ಕರೆಯುವ ಪಾಲಿಪ್ ಸಾಮಾನ್ಯವಾಗಿ ಎರಡೂ ಕಡೆ ಬೆಳೆಯುತ್ತದೆ, ವಾಸನೆಯೂ ಗೊತ್ತಾಗದ ಹಾಗಾಗುತ್ತದೆ. ಕನ್ನಡಿ ಮುಂದೆ ಟಾರ್ಚ್ ಬಿಟ್ಟು ನೋಡಿ, ಗುಲಾಬಿ ಬಣ್ಣದ ಮಾಂಸ ಕಂಡು ಹೆದರೋರು ತುಂಬಾ ಜನ. ಹಾಗೆ ಕಾಣೋದು ಬಹುಪಾಲು ಟರ್ಬಿನೇಟೇ. ಪಾಲಿಪ್ ಸಿಪ್ಪೆ ಸುಲಿದ ದ್ರಾಕ್ಷಿಯ ಹಾಗೆ ಬಿಳಿಚಿಕೊಂಡಿರುತ್ತದೆ.

ನನಗೆ ಮುಂಗೈ ಮೇಲೆ ಅಲರ್ಜಿ ಪರೀಕ್ಷೆ ಮಾಡಿದರು. ಚರ್ಮದ ಮೇಲೆ ಹನಿಗಳನ್ನಿಟ್ಟು ಸಣ್ಣಗೆ ಚುಚ್ಚುತ್ತಾರೆ, 15–20 ನಿಮಿಷದಲ್ಲಿ ಫಲಿತಾಂಶ. ಅಲರ್ಜಿ ಮಾತ್ರೆಯನ್ನು ಕೆಲವು ದಿನ ಮೊದಲೇ ನಿಲ್ಲಿಸಿರಬೇಕು. ಮನೆ ಧೂಳಿನ ನುಸಿಯ ಹನಿ ಇಟ್ಟ ಜಾಗದಲ್ಲಿ ದೊಡ್ಡ ದದ್ದು ಎದ್ದಿತು. ಬೆಂಗಳೂರಿನಲ್ಲಿ ಕಾಂಗ್ರೆಸ್ ಹುಲ್ಲಿನ ಪರಾಗದಿಂದ ಒದ್ದಾಡುವವರೂ ಇದ್ದಾರೆ. ನನಗೆ ಅದಲ್ಲ.

ದಿನವೂ ಮಾಡುವುದು ಮೂಗು ತೊಳೆಯುವ ಕೆಲಸ. ಸುಮಾರು 240 ಮಿಲಿ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕೆ ಅಡುಗೆ ಸೋಡಾ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಪೊಟ್ಟಣವೂ ಆದೀತು. ನಲ್ಲಿ ನೀರು, ಬೋರ್‌ವೆಲ್ ನೀರು ನೇರವಾಗಿ ಬೇಡವೇ ಬೇಡ. ಅಪರೂಪವಾದರೂ ಮೆದುಳಿಗೆ ಏರುವ ಅಮೀಬಾ ಅದರಲ್ಲಿ ಇರಬಹುದು. ನೀರು ಕುದಿ ಬಂದ ಮೇಲೂ ಒಂದು ನಿಮಿಷವಾದರೂ ಕುದಿಸಿ, ಉಗುರು ಬೆಚ್ಚಗೆ ಆರಿಸುತ್ತೇನೆ. ಸಿಂಕ್ ಮೇಲೆ ಬಗ್ಗಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನ ಬಿಟ್ಟರೆ ಇನ್ನೊಂದು ಹೊಳ್ಳೆಯಿಂದ ಇಳಿಯುತ್ತದೆ. ಉಪ್ಪು ಕಡಿಮೆಯಾದರೆ ಉರಿಯುತ್ತದೆ, ಸರಿಯಾಗಿದ್ದರೆ ಏನೂ ಅನಿಸೋದಿಲ್ಲ. ಬಾಟಲಿಯನ್ನು ತೊಳೆದು ಒಣಗಿಸಿಡಬೇಕು.

ಆಮೇಲೆ ಡಾಕ್ಟರು ಬರೆದುಕೊಟ್ಟ ಸ್ಟೀರಾಯ್ಡ್ ಸ್ಪ್ರೇ. ಹೆಸರು ಕೇಳಿ ಹೆದರಬೇಡಿ, ಡಾಕ್ಟರು ಹೇಳಿದ ಪ್ರಮಾಣದಲ್ಲಿ ಹಾಕಿಕೊಂಡರೆ ಮೈಗೆ ಸೇರೋದು ತೀರಾ ಕಮ್ಮಿ. ಹಾಕುವ ರೀತಿಯಲ್ಲೇ ಗುಟ್ಟಿದೆ. ತಲೆ ಸ್ವಲ್ಪ ಮುಂದಕ್ಕೆ ಬಗ್ಗಿರಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ. ಹಾಗೆ ಹಿಡಿದರೆ ತುದಿ ತಾನಾಗೇ ಕಿವಿಯ ಕಡೆ ತಿರುಗುತ್ತದೆ. ನಡುಗೋಡೆಗೆ ಹೊಡೆದರೆ ಒಣಗಿ ರಕ್ತ ಬರುತ್ತದೆ. ಮೆಲ್ಲಗೆ ಒಳಗೆಳೆದುಕೊಳ್ಳಬೇಕು. ಜೋರಾಗಿ ಎಳೆದರೆ ಔಷಧಿ ಗಂಟಲಿಗೆ ಹೋಗಿ ಸುಮ್ನೆ ಹಾಳು. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ತುಂಬಾ ಜನ ಅಷ್ಟರೊಳಗೇ ಬಿಟ್ಟುಬಿಡುತ್ತಾರೆ ಅನ್ನೋದೇ ನನ್ನ ಬೇಸರ.

ಹಾಸಿಗೆ, ದಿಂಬಿಗೆ ನುಸಿ ನುಸುಳದಂಥ ದಟ್ಟ ನೇಯ್ಗೆಯ ಕವರ್ ಹಾಕಿದೆವು. ಬೆಡ್‌ಶೀಟ್ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ. ಪೊರಕೆಯ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ.

ಅಂಗಡಿಯಲ್ಲಿ ಕೇಳಿದ ತಕ್ಷಣ ಕೊಡುವ, ನಿಮಿಷದಲ್ಲೇ ಮೂಗು ಬಿಡಿಸುವ ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ಬಗ್ಗೆ ಮಾತ್ರ ಹುಷಾರು. ಮೂರರಿಂದ ಐದು ದಿನ, ಅಷ್ಟೇ. ಮುಂದುವರಿಸಿದರೆ ಔಷಧಿ ಇಳಿದ ಕೂಡಲೇ ಮೊದಲಿಗಿಂತ ಜಾಸ್ತಿ ಊದುತ್ತದೆ, ಮತ್ತೆ ಡ್ರಾಪ್ಸ್ ಬೇಕೆನಿಸುತ್ತದೆ. ನಮ್ಮ ಭಾವ ಹೀಗೆ ಸಿಕ್ಕಿಹಾಕಿಕೊಂಡಿದ್ದರು. ಸ್ಟೀರಾಯ್ಡ್ ಸ್ಪ್ರೇ ಶುರು ಮಾಡಿ, ಮೊದಲು ಒಂದು ಹೊಳ್ಳೆಗೆ, ಆಮೇಲೆ ಇನ್ನೊಂದಕ್ಕೆ ಡ್ರಾಪ್ಸ್ ನಿಲ್ಲಿಸುವಂತೆ ಡಾಕ್ಟರು ಹೇಳಿ ಬಿಡಿಸಿದರು.

ವಿಕ್ಸ್, ಅಮೃತಾಂಜನ ಹಚ್ಚಿದರೆ ತಣ್ಣಗೆ ಅನಿಸಿ ಉಸಿರು ಬಿಟ್ಟ ಹಾಗಾಗುತ್ತದೆ, ಒಳಗಿನ ಊತ ಹಾಗೇ ಇರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸುವುದೂ ಬೇಡ, ಮಗುಚಿದರೆ ಸುಡುತ್ತದೆ.

ಮಗುವಿಗೆ ಒಂದೇ ಹೊಳ್ಳೆಯಿಂದ ದುರ್ವಾಸನೆಯ ಸಿಂಬಳ ಬರುತ್ತಿದ್ದರೆ ಹುಣಸೆ ಬೀಜ, ಮಣಿ ಅಥವಾ ಬಟನ್ ಬ್ಯಾಟರಿ ಸಿಕ್ಕಿರಬಹುದು. ಪಿನ್ನು, ಬಡ್ಸ್ ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬ್ಯಾಟರಿ ಅಂತ ಅನುಮಾನ ಬಂದರೆ ರಾತ್ರಿಯಾದರೂ ಸರಿ, ಕೂಡಲೇ ಹೊರಡಿ. ಅದು ಕೆಲವೇ ಗಂಟೆಗಳಲ್ಲಿ ಒಳಗೆ ಸುಡಲು ಶುರು ಮಾಡುತ್ತದೆ.