ವರದಾ ದಂಡೆಯ ಹಳೆಯ ನಕ್ಷೆ ಓದಿದ್ದು

2019ರ ಆಗಸ್ಟ್‌ನಲ್ಲಿ ವರದಾ ಉಕ್ಕಿ ಬಂದಾಗ ಹಾವೇರಿ ಕಡೆಯ ನಮ್ಮ ಹೊಲಕ್ಕೂ ನೀರು ನುಗ್ಗಿತು. ಹೊಳೆಗೆ ಹತ್ತಿದ ಹೊಲ ಉಳಿದು, ಅದರ ಹಿಂದಿದ್ದ ನಮ್ಮ ಗೋವಿನಜೋಳ ಕೊಳೆತುಹೋಯಿತು. ಅದ್ಯಾಕೆ ಹೀಗೆ ಎಂಬ ಪ್ರಶ್ನೆ ಬಿಡಲಿಲ್ಲ. ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಸ್ಥಳಾಕೃತಿ ನಕ್ಷೆ, 48 ಎನ್/5ನೇ ಹಾಳೆ, ಹುಡುಕಿ ತಂದು ಸ್ಕ್ಯಾನ್ ಮಾಡಿದೆ. 1:50,000 ಪ್ರಮಾಣ, ಹಾಳೆಯ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ.

ಮೂಲೆಗಳ ಅಕ್ಷಾಂಶ, ರೇಖಾಂಶ ಕೊಟ್ಟು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಉಪಗ್ರಹ ಚಿತ್ರದ ಮೇಲೆ ಹಾಸಿದಾಗ ಎದೆ ಝಲ್ಲೆಂದಿತು. ನಕ್ಷೆಯ ವರದಾ ಈಗಿನ ಹೊಳೆಗಿಂತ ನೂರಕ್ಕೂ ಹೆಚ್ಚು ಮೀಟರ್ ಆಗ್ನೇಯಕ್ಕಿತ್ತು. ಹೊಳೆಯೇ ಸರಿದಿದೆ ಎಂದು ಎರಡು ದಿನ ನಂಬಿದ್ದೆ. ಮೂರನೇ ದಿನ ಹಾವೇರಿ–ಸವಣೂರು ನಡುವಿನ ರೈಲು ಸೇತುವೆ ನೋಡಿದರೆ ಅದೂ ಅಷ್ಟೇ ದೂರ, ಅದೇ ದಿಕ್ಕಿಗೆ ಸರಿದಿದೆ! ಹೊಳೆ ಸರಿದೀತು, ಸೇತುವೆ ಸರಿಯುವುದೇ? ಹಳೆಯ ಹಾಳೆಗಳಿಗೆ ಆಧಾರ ಭೂಮಿಯ ಆಕಾರದ ಎವರೆಸ್ಟ್ ಎಂಬ ಲೆಕ್ಕ, ಇಂದಿನ ಜಿಪಿಎಸ್‌ಗೆ ಡಬ್ಲ್ಯೂಜಿಎಸ್ 84 ಎಂಬ ಇನ್ನೊಂದು ಲೆಕ್ಕ. ವ್ಯತ್ಯಾಸ ಇದ್ದದ್ದು ಅಲ್ಲಿ: ಅದೇ ಅಕ್ಷಾಂಶ, ರೇಖಾಂಶ ಎರಡರಲ್ಲಿ ಬೇರೆ ಬೇರೆ ಜಾಗಕ್ಕೆ ಬೀಳುತ್ತದೆ. ಸೇತುವೆ, ಗುಡಿ, ರಸ್ತೆ ಕೂಡುವ ಜಾಗ ಹಿಡಿದು ಮತ್ತೆ ಹೊಂದಿಸಿದೆ. ಹೊಳೆ ತನ್ನ ಪಾತ್ರಕ್ಕೆ ಬಂದು ಕೂತಿತು.

ಆಮೇಲೆ ಹೊಳೆಯ ನೀಲಿ ಬಿಟ್ಟು ಕಪ್ಪು ಗೆರೆ ನೋಡತೊಡಗಿದೆ. ಬೇಸಿಗೆಯಲ್ಲಿ ಒಣಗುವ ಹಳ್ಳಗಳನ್ನು ಈ ನಕ್ಷೆಗಳಲ್ಲಿ ಕಪ್ಪಿನಲ್ಲೇ ತೋರಿಸುತ್ತಾರೆ. ದಂಡೆಯ ಪಕ್ಕ ಅಂಕಿಯ ನಂತರ ಇಂಗ್ಲಿಷಿನ ಸಣ್ಣ ‘ಆರ್’ ಅಕ್ಷರ ಇದ್ದರೆ ದಂಡೆ ಅಷ್ಟು ಮೀಟರ್ ಎತ್ತರ ಎಂದು ಅರ್ಥ. ಹಾಳೆಯಲ್ಲಿ ನಮ್ಮ ಹೊಲದ ನಡುವೆಯೇ ಒಂದು ಕಪ್ಪು ಗೆರೆ ಬಾಗಿ ಹೊಳೆ ಸೇರಿತ್ತು. ಈಗ ಅಲ್ಲಿ ನೋಡಲು ಸಪಾಟು ಎರಿ ಹೊಲ, ಹಳ್ಳದ ಗುರುತೇ ಇಲ್ಲ.

ಪಕ್ಕದ ಹೊಲದ ಅಜ್ಜನಿಗೆ ತೋರಿಸಿದೆ. “ತಮ್ಮಾ, ಅಲ್ಲಿ ಹಳ್ಳ ಇತ್ತಪಾ. ಟ್ರ್ಯಾಕ್ಟರ್ ಬಂದಮ್ಯಾಲೆ ನಿಮ್ಮಪ್ಪನ ಕಾಲದಾಗ ಮುಚ್ಚಿ ಹೊಲಾ ಮಾಡಿದ್ರು. ಹೊಳಿ ತುಂಬಿದ್ರ ನೀರು ಹಿಂದಕ್ಕ ಒತ್ತಿ ಅದರಾಗ ಏರತಿತ್ತು” ಅಂದ.

ಪ್ರತಿ ನೆರೆಗೂ ಹೂಳು ಬಿದ್ದು ದಂಡೆ ಎತ್ತರವಾಗಿದೆ, ಹಿಂದಿನ ನೆಲ ತಗ್ಗು. ನೀರು ದಂಡೆ ಹತ್ತಿ ಬಂದಿರಲಿಲ್ಲ, ಮುಚ್ಚಿದ ಹಳ್ಳದ ತಗ್ಗು ಹಿಡಿದು ಬಂದಿತ್ತು. ಒಳಗೆ ಬಂದ ಮೇಲೆ ಹೊರಹೋಗಲು ದಾರಿ ಇಲ್ಲದೆ ಬೆಳೆಯ ಬುಡದಲ್ಲೇ ನಿಂತುಬಿಟ್ಟಿತ್ತು.

ಆ ಗೆರೆಯ ಗುಂಟ ಎಂಟು ಅಡಿ ಅಗಲ ಬಿತ್ತದೆ ಬಿಟ್ಟು, ಕಾಲುವೆ ತೆಗೆಸಿದ್ದೇನೆ. ಈ ಸಲ ಮೊದಲ ದೊಡ್ಡ ಮಳೆಗೆ ಬದುವಿನ ಮೇಲೆ ನಿಂತಿದ್ದೆ. ನೀರು ನಕ್ಷೆಯಲ್ಲಿದ್ದ ಹಾಗೆಯೇ ಬಾಗಿ, ಹೊಳೆ ಕಡೆ ಹೋಯಿತು.