ಮನೆಯಲ್ಲೇ ಕಟ್ಟುವ ಸಿಎನ್‌ಸಿ ರೌಟರ್: 1605 ಸ್ಕ್ರೂ ಸಾಕಾ, 1610 ಬೇಕಾ?

ಸಿಎನ್‌ಸಿ ರೌಟರ್ ಅಂದರೆ ಕಂಪ್ಯೂಟರ್ ಹೇಳಿದಂತೆ ಬಿಟ್ ಓಡಿಸಿ ಮರ ಕೊಯ್ಯುವ ಮಷೀನು. ನನ್ನ ಮೊದಲ ರೌಟರ್‌ನ ಮೂರೂ ಆಕ್ಸಿಸ್‌ಗೆ (ಚಲಿಸುವ ದಿಕ್ಕಿಗೆ) 1605 ಬಾಲ್‌ಸ್ಕ್ರೂ ಹಾಕಿದ್ದೆ. ಮೋಟಾರು ಈ ಸ್ಕ್ರೂ ತಿರುಗಿಸಿದರೆ, ಒಳಗೆ ಗುಂಡುಗಳಿರುವ ನಟ್ ಅದರ ಮೇಲೆ ಸರಿಯುತ್ತದೆ. ಪಿಚ್ (ಒಂದು ಸುತ್ತಿಗೆ ನಟ್ ಸರಿಯುವ ದೂರ) ಚಿಕ್ಕದಾದಷ್ಟೂ ಕೆಲಸ ನಾಜೂಕು ಅನ್ನೋ ನಂಬಿಕೆ. ತೇಗದ ಹಲಗೆಗೆ ಬಿಟ್ ಇಳಿಸಿ ಐದು ನಿಮಿಷ ಆಗಿರಲಿಲ್ಲ, ಸುಟ್ಟ ವಾಸನೆ, ಅಂಚೆಲ್ಲ ಕಪ್ಪು. ಸಿಪ್ಪೆ ಬರಬೇಕಿತ್ತು, ಬರುತ್ತಿದ್ದದ್ದು ಮುಖದ ಪೌಡರ್ ಥರದ ಪುಡಿ. ಮಷೀನು ಅಷ್ಟು ನಿಧಾನ, ಬಿಟ್ ಕೊಯ್ಯದೆ ಸುಮ್ನೆ ಉಜ್ಜುತ್ತಿತ್ತು.

ಅದಕ್ಕೇ ಲೆಕ್ಕವನ್ನು ಬಿಟ್‌ನಿಂದ ಶುರು ಮಾಡಿ, ಸ್ಕ್ರೂ ಆಮೇಲೆ. ಎರಡು ಅಲಗಿನ 6 ಮಿ.ಮೀ. ಬಿಟ್, ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟಾರು) 18,000 ಆರ್‌ಪಿಎಂ ಅಂದುಕೊಳ್ಳಿ. ಒಂದು ಸುತ್ತಿಗೆ ಪ್ರತಿ ಅಲಗು 0.1 ಮಿ.ಮೀ. ಸಿಪ್ಪೆ ತೆಗೆಯಬೇಕು ಅಂದರೆ 18,000 × 2 × 0.1, ಅಂದರೆ ನಿಮಿಷಕ್ಕೆ 3,600 ಮಿ.ಮೀ. ಮಷೀನು ಮರ ಕೊಯ್ಯುತ್ತಲೇ ಈ ವೇಗದಲ್ಲಿ ಓಡಬೇಕು.

ಈಗ ಸ್ಕ್ರೂಗೆ ಬನ್ನಿ. 1605ರಲ್ಲಿ 16 ಅಂದರೆ ದಪ್ಪ, 05 ಅಂದರೆ ಒಂದು ಸುತ್ತಿಗೆ ನಟ್ 5 ಮಿ.ಮೀ. ಸರಿಯುತ್ತದೆ; 1610ರಲ್ಲಿ 10 ಮಿ.ಮೀ. ಮೇಲಿನ ವೇಗಕ್ಕೆ 1605 ನಿಮಿಷಕ್ಕೆ 720 ಸುತ್ತು ತಿರುಗಬೇಕು, 1610ಕ್ಕೆ 360 ಸಾಕು. ಸ್ಕ್ರೂ ತಿರುಗಿಸುವುದು ಸ್ಟೆಪ್ಪರ್, ಅಂದರೆ ಸ್ಟೆಪ್ ಸ್ಟೆಪ್ಪಾಗಿ ತಿರುಗುವ ಮೋಟಾರು. ಅದರ ಗುಣ ಏನಂದರೆ, ವೇಗ ಏರಿದಂತೆ ಬಲ ಇಳಿಯುತ್ತದೆ. ನನ್ನ ನೇಮಾ 23 ಅಳತೆಯ ಮೋಟಾರು 24 ವೋಲ್ಟ್‌ನಲ್ಲಿ ನಿಮಿಷಕ್ಕೆ 600 ಸುತ್ತು ದಾಟುವಷ್ಟರಲ್ಲಿ ಸುಸ್ತಾಗುತ್ತಿತ್ತು. 36 ವೋಲ್ಟ್ ಕೊಟ್ಟ ಮೇಲೆ ಚೇತರಿಸಿಕೊಂಡಿತು.

ಮೋಟಾರಿಗೆ ಪಲ್ಸ್ (ತಿರುಗು ಅನ್ನುವ ಸಂಕೇತ) ಕಳಿಸುವ ಬೋರ್ಡಿಗೂ ಮಿತಿ ಇದೆ. ಒಂದು ಸುತ್ತಿಗೆ 1,600 ಪಲ್ಸ್ ಇಟ್ಟರೆ 1605ಕ್ಕೆ ಮಿ.ಮೀ.ಗೆ 320 ಪಲ್ಸ್ ಬೇಕು. ನಿಮಿಷಕ್ಕೆ 6,000 ಮಿ.ಮೀ. ಓಡಿಸಲು ಹೋದರೆ ಸೆಕೆಂಡಿಗೆ 32,000 ಪಲ್ಸ್ ಆಗುತ್ತದೆ, ಆರ್ಡುಯಿನೋ ಊನೋ ಬೋರ್ಡಿನಲ್ಲಿ ಜಿಆರ್‌ಬಿಎಲ್ ಅನ್ನುವ ಕಂಟ್ರೋಲ್ ಸಾಫ್ಟ್‌ವೇರ್ 30,000ದ ಹತ್ತಿರವೇ ಕೈಚೆಲ್ಲುತ್ತದೆ. 1610ಕ್ಕೆ ಇದರ ಅರ್ಧ ಸಾಕು.

ಹಾಗಾದರೆ ನಿಖರತೆ? 1610ರಲ್ಲಿ ಮೋಟಾರಿನ ಒಂದು ಪೂರ್ತಿ ಸ್ಟೆಪ್‌ಗೆ (ಸುತ್ತಿನ ಇನ್ನೂರನೇ ಒಂದು ಪಾಲು) 0.05 ಮಿ.ಮೀ. ಮಳೆಗಾಲದಲ್ಲಿ ಹಲಗೆ ಉಬ್ಬುವುದೇ ಅದಕ್ಕಿಂತ ಜಾಸ್ತಿ. ಅಲ್ಯೂಮಿನಿಯಂ ಕೊಯ್ಯುವವರಿಗೆ ಮಾತ್ರ 1605 ಒಳ್ಳೆಯದು, ಅಲ್ಲಿ ವೇಗ ಕಡಿಮೆ ಸಾಕು, ಅದೇ ಮೋಟಾರಿಗೆ ಎರಡರಷ್ಟು ತಳ್ಳುವ ಬಲ ಸಿಗುತ್ತದೆ.

ಉದ್ದ ಮರೆಯಬೇಡಿ. ಉದ್ದದ ಸ್ಕ್ರೂ ಜೋರಾಗಿ ತಿರುಗಿದರೆ ಸ್ಕಿಪ್ಪಿಂಗ್ ಹಗ್ಗದ ಥರ ನಡುವೆ ಬೀಸುತ್ತದೆ. ಒಂದು ತುದಿ ಬಿಗಿ, ಇನ್ನೊಂದಕ್ಕೆ ಬರೀ ಬೇರಿಂಗ್ ಆಸರೆ ಇದ್ದರೆ 16 ಮಿ.ಮೀ. ಸ್ಕ್ರೂಗೆ 1 ಮೀಟರ್‌ನಲ್ಲಿ ಸುಮಾರು 1,900 ಆರ್‌ಪಿಎಂವರೆಗೆ ಲೆಕ್ಕದ ಪ್ರಕಾರ ಸರಿ. 1.5 ಮೀಟರ್‌ಗೆ ಅದು 850ರ ಆಸುಪಾಸಿಗೆ ಇಳಿಯುತ್ತದೆ, ಮೇಲಿನ 720 ಅದಕ್ಕೆ ತೀರಾ ಹತ್ತಿರ. ಅಗ್ಗದ ಸ್ಕ್ರೂಗಳು ಸ್ವಲ್ಪ ಸೊಟ್ಟಗೇ ಬರುವುದರಿಂದ ಇನ್ನೂ ಕಡಿಮೆ ಅಂದುಕೊಳ್ಳಿ. ಸೊಟ್ಟ ನೋಡಲು ನಟ್ ಬಿಚ್ಚಬೇಡಿ. ನಾನು ಬಿಚ್ಚಿ, ಉದುರಿದ ಗುಂಡುಗಳನ್ನು ರಾತ್ರಿಯೆಲ್ಲ ಮಂಚದ ಕೆಳಗೆ ಹುಡುಕಿದ್ದೇನೆ.

ಮರದ ಕೆಲಸಕ್ಕೆ ನನ್ನ ಆಯ್ಕೆ ಎಕ್ಸ್, ವೈಗೆ (ಹಲಗೆಯ ಅಗಲ, ಉದ್ದಕ್ಕೆ) 1610, ಝಡ್‌ಗೆ (ಮೇಲೆ ಕೆಳಗೆ) 1605. ಝಡ್‌ಗೂ 1610 ಹಾಕಿದರೆ ಕರೆಂಟ್ ಹೋದಾಗ ಸ್ಪಿಂಡಲ್ ತನ್ನ ಭಾರಕ್ಕೇ ಜಾರಿ ಹಲಗೆಗೆ ಕುತ್ತುವ ಸಾಧ್ಯತೆ ಜಾಸ್ತಿ.

ಜೋಡಿಸಿದ ಮೇಲೆ ಗ್ಯಾಂಟ್ರಿ (ಸ್ಪಿಂಡಲ್ ಹೊತ್ತು ಓಡಾಡುವ ಸೇತುವೆ) ನಿಂತ ಕಡೆ ಪೆನ್ಸಿಲ್ ಗೀಟು ಹಾಕಿ, ಇಪ್ಪತ್ತು ಸಲ ಅತ್ತಿತ್ತ ಓಡಿಸಿ. ಹೀಗೆ ಇಪ್ಪತ್ತು ಸಲ ಓಡಿಸಿದ ಮೇಲೆ ಪ್ರತಿ ಬಾರಿಯೂ ವೇಗವನ್ನು ನಿಮಿಷಕ್ಕೆ 500 ಮಿ.ಮೀ.ನಂತೆ ಏರಿಸಿ ಮತ್ತೆ ಓಡಿಸುತ್ತಾ ಹೋಗಿ. ಗ್ಯಾಂಟ್ರಿ ಗೀಟಿಗೆ ವಾಪಸ್ ಬರದಿದ್ದರೆ ಸ್ಟೆಪ್ ತಪ್ಪಿದೆ ಅಂತ ಅರ್ಥ. ಆ ವೇಗದ ಮುಕ್ಕಾಲು ಪಾಲನ್ನು ಸೆಟ್ಟಿಂಗ್‌ನಲ್ಲಿ ಗರಿಷ್ಠ ಅಂತ ಬರೆದುಬಿಡಿ.