ಹೃದಯದ ಶರೀರಕ್ರಿಯೆ ಮತ್ತು ಔಷಧ ಸುರಕ್ಷತೆ: ಈ ಸಂಶೋಧನೆಗೆ ಸಿದ್ಧರಾಗುವುದು ಹೇಗೆ?

ಹೃದಯದ ಶರೀರಕ್ರಿಯಾಶಾಸ್ತ್ರವನ್ನು ಕಲಿತು ಔಷಧ ಸುರಕ್ಷತೆಯ ಸಂಶೋಧನೆಯಲ್ಲಿ ನೆಲೆಯೂರಬಯಸುವವರು ಮೊದಲು ಅಧ್ಯಯನ ಮಾಡಬೇಕಾದದ್ದು ಟರ್ಫೆನಡಿನ್ ಪ್ರಕರಣವನ್ನು. ಅಲರ್ಜಿಗೆ ವ್ಯಾಪಕವಾಗಿ ಬಳಕೆಯಲ್ಲಿದ್ದ ಈ ಔಷಧವನ್ನು ದೇಹದ ಕಿಣ್ವಗಳು ಬೇಗನೆ ಹೃದಯಕ್ಕೆ ಅಪಾಯವಿಲ್ಲದ ಫೆಕ್ಸೊಫೆನಡಿನ್ ಆಗಿ ಮಾರ್ಪಡಿಸುತ್ತಿದ್ದವು. ಆದರೆ ಕೀಟೊಕೊನಜೋಲ್‌ನಂಥ ಶಿಲೀಂಧ್ರನಾಶಕವನ್ನೂ ಜೊತೆಗೆ ಸೇವಿಸಿದವರಲ್ಲಿ ಆ ಮಾರ್ಪಾಡು ತಡೆಗೊಂಡು, ಮೂಲ ಔಷಧವೇ ರಕ್ತದಲ್ಲಿ ಏರಿ, ಹೃದಯಕೋಶಗಳಲ್ಲಿ ಹರ್ಗ್ ಎಂಬ ಪೊಟ್ಯಾಸಿಯಂ ಚಾನೆಲನ್ನು (ಕೋಶಪೊರೆಯಲ್ಲಿ ಪೊಟ್ಯಾಸಿಯಂ ಸಾಗುವ ದಾರಿಯನ್ನು) ಮುಚ್ಚಿ, ಟೊರ್ಸಾಡ್ ಡ ಪ್ವಾಂಟ್ ಎಂಬ ಮಾರಕ ಲಯದೋಷಕ್ಕೆ ದಾರಿ ಮಾಡಿತು. 1998ರಲ್ಲಿ ಅದು ಅಮೆರಿಕದ ಮಾರುಕಟ್ಟೆಯಿಂದ ಹೊರಬಿತ್ತು. ಕಿಣ್ವ, ಚಾನೆಲ್, ಇಸಿಜಿ, ವೈದ್ಯರ ಚೀಟಿ ಇವೆಲ್ಲ ಒಂದೇ ಎಳೆಯಲ್ಲಿ ಬೆಸೆದುಕೊಂಡಿರುವ ಕ್ಷೇತ್ರವಿದು. ಆ ಎಳೆಯನ್ನು ತುದಿಯಿಂದ ತುದಿಯವರೆಗೆ ಹಿಂಬಾಲಿಸುವ ಸಾಮರ್ಥ್ಯವೇ ಇಲ್ಲಿ ಬೇಕಾದ ಮುಖ್ಯ ಅರ್ಹತೆ.

ಪದವಿ ಯಾವುದೆಂಬುದು ಅಷ್ಟು ಮುಖ್ಯವಲ್ಲ. ಔಷಧಶಾಸ್ತ್ರ, ವೈದ್ಯಕೀಯ, ಪಶುವೈದ್ಯಕೀಯ, ಎಂಜಿನಿಯರಿಂಗ್, ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ಆದರೆ ಪಿಎಚ್.ಡಿಗೆ ಪ್ರಯೋಗಾಲಯವನ್ನು ಆರಿಸುವಾಗ, ಅಳತೆಯನ್ನು ನೀವೇ ಮಾಡುವ ಅವಕಾಶವಿದೆಯೇ ಎಂದು ವಿಚಾರಿಸಿ.

ಉಪಕರಣಗಳನ್ನು ಮುಟ್ಟುವ ಮೊದಲು ಹೃತ್ಕುಕ್ಷಿಯ (ಹೃದಯದ ಕೆಳಗಣ ಕೋಣೆಯ) ಕೋಶದಲ್ಲಿ ಪ್ರತಿ ಮಿಡಿತಕ್ಕೂ ಆಗುವ ವಿದ್ಯುತ್ ಏರಿಳಿತವಾದ ಆ್ಯಕ್ಷನ್ ಪೊಟೆನ್ಶಿಯಲನ್ನು ಕಾಗದದ ಮೇಲೆ ಬರೆದು, ಯಾವ ಹಂತದಲ್ಲಿ ಸೋಡಿಯಂ, ಯಾವಾಗ ಕ್ಯಾಲ್ಸಿಯಂ, ಎಲ್ಲಿಂದ ಪೊಟ್ಯಾಸಿಯಂ ಪ್ರವಾಹ ಮೇಲುಗೈ ಪಡೆಯುತ್ತದೆ ಎಂಬುದನ್ನು ಗುರುತಿಸಲು ಕಲಿಯಿರಿ. ಹಾಜ್‌ಕಿನ್ ಮತ್ತು ಹಕ್ಸ್ಲಿ 1952ರಲ್ಲಿ ನರತಂತುವಿಗೆ ರೂಪಿಸಿದ ಸಮೀಕರಣಗಳನ್ನು ಡೆನಿಸ್ ನೋಬಲ್ 1960ರಲ್ಲಿ ಹೃದಯದಲ್ಲಿ ವಿದ್ಯುತ್ ಸಂಕೇತ ಸಾಗಿಸುವ ಪರ್ಕಿಂಜೆ ತಂತುಗಳಿಗೆ ಅಳವಡಿಸಿದರು. ಆ ಮಾದರಿಯನ್ನು ಸ್ವತಃ ಪ್ರೋಗ್ರಾಂ ಮಾಡಿ ನಡೆಸಿ ನೋಡಿದವರಿಗೆ ಪಠ್ಯಪುಸ್ತಕ ಕೊಡಲಾಗದ ತಿಳಿವಳಿಕೆ ಸಿಗುತ್ತದೆ.

ಕೈಕೆಲಸವನ್ನು ತಾಳ್ಮೆಯಿಂದ ಕಲಿಯಬೇಕು. ಪ್ರಾಣಿಯ ಹೃದಯವನ್ನು ಲಾಂಗೆನ್‌ಡಾರ್ಫ್ ವಿಧಾನದಲ್ಲಿ ಮಹಾಪಧಮನಿಯ ಮೂಲಕ ದ್ರಾವಣ ಹರಿಸಿ ಜೀವಂತವಾಗಿಟ್ಟು, ಕೊಲಾಜಿನೇಸ್ ಕಿಣ್ವದಿಂದ ಕೋಶಗಳನ್ನು ಬಿಡಿಸಿದ ಮೇಲೆ, ದ್ರಾವಣದಿಂದ ತೆಗೆದಿದ್ದ ಕ್ಯಾಲ್ಸಿಯಮನ್ನು ಹಂತಹಂತವಾಗಿ ಮರಳಿ ಸೇರಿಸಬೇಕು. ಅವಸರಿಸಿದರೆ ಕೋಶಗಳು ಸೆಟೆದು ಗುಂಡಗಾಗಿ ಸಾಯುತ್ತವೆ. ಸ್ಪಷ್ಟ ಅಡ್ಡಗೆರೆಗಳುಳ್ಳ, ಕಡ್ಡಿಯಾಕಾರದ, ಸುಮ್ಮನೆ ಮಲಗಿರುವ ಕೋಶವನ್ನೇ, ಗಾಜಿನ ಸೂಕ್ಷ್ಮ ಕೊಳವೆಯಿಂದ ವಿದ್ಯುತ್ ಪ್ರವಾಹ ಅಳೆಯುವ ಪ್ಯಾಚ್ ಕ್ಲ್ಯಾಂಪ್‌ಗೆ ಆರಿಸಿಕೊಳ್ಳಿ. ಔಷಧ ಪರೀಕ್ಷಿಸುವಾಗ, ಪ್ಲಾಸ್ಟಿಕ್ ಕೊಳವೆಗೆ ಅಂಟಿಕೊಳ್ಳುವ ಅಣುಗಳ ನಿಜವಾದ ಸಾಂದ್ರತೆ ನೀವು ಲೆಕ್ಕ ಹಾಕಿದ್ದಕ್ಕಿಂತ ಕಡಿಮೆಯಿರುತ್ತದೆ ಎಂಬುದನ್ನು ನೆನಪಿಟ್ಟು, ದ್ರಾವಣದ ಮಾದರಿಯನ್ನು ತೆಗೆದು ಅಳೆಸಿ. ಪೆಂಟಮಿಡಿನ್‌ನಂಥ ಕೆಲವು ಔಷಧಗಳು ಹರ್ಗ್ ಪ್ರೋಟೀನು ಕೋಶಪೊರೆಗೆ ತಲುಪುವುದನ್ನೇ ತಡೆಯುವುದರಿಂದ, ಕೆಲವೇ ನಿಮಿಷಗಳ ಪ್ರಯೋಗದಲ್ಲಿ ಅವು ನಿರಪಾಯಕಾರಿಯಂತೆ ತೋರುತ್ತವೆ. ಅಂಥವಕ್ಕೆ ಇಡೀ ರಾತ್ರಿಯ ಪ್ರಯೋಗ ಬೇಕು. ಪ್ರಾಣಿಯ ಆಯ್ಕೆಯೂ ಅಷ್ಟೇ ಗಂಭೀರ ವಿಷಯ. ನಿಮಿಷಕ್ಕೆ ಸುಮಾರು 600 ಬಾರಿ ಮಿಡಿಯುವ ಪುಟ್ಟ ಇಲಿಯಾದ ಮೌಸ್‌ನ ಹೃದಯ ಬೇರೆಯೇ ಪೊಟ್ಯಾಸಿಯಂ ಪ್ರವಾಹಗಳನ್ನು ಅವಲಂಬಿಸಿರುವುದರಿಂದ, ಹರ್ಗ್ ಪ್ರಶ್ನೆಗೆ ಮೊಲ, ಗಿನಿಯಿಲಿ ಅಥವಾ ನಾಯಿಯ ಹೃದಯವೇ ಸೂಕ್ತ.

ಇಲ್ಲಿ ರಕ್ತದೊತ್ತಡಕ್ಕೆ ಕೊಡುವ ವೆರಪಮಿಲ್ ಎಂಬ ಔಷಧ ಕಲಿಸುವ ಪಾಠ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದುದು. ಅದು ಹರ್ಗ್ ಚಾನೆಲನ್ನು ಚೆನ್ನಾಗಿಯೇ ತಡೆಯುತ್ತದೆ, ಆದರೂ ಟೊರ್ಸಾಡ್ ಉಂಟುಮಾಡುವುದು ಬಹಳ ವಿರಳ. ಏಕೆಂದರೆ ಅದು ಕ್ಯಾಲ್ಸಿಯಂ ಒಳಹರಿವನ್ನೂ ತಗ್ಗಿಸುತ್ತದೆ. ಒಂದೇ ಚಾನೆಲಿನ ಅಂಕಿಯನ್ನು ನಂಬಿ ಔಷಧವನ್ನು ಕೈಬಿಟ್ಟರೆ ಉಪಯುಕ್ತ ಚಿಕಿತ್ಸೆಯೊಂದು ರೋಗಿಗೆ ತಪ್ಪಿಹೋಗಬಹುದು. 2005ರ ಎಸ್7ಬಿ ಮತ್ತು ಇ14 ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹರ್ಗ್ ಚಾನೆಲ್‌ಗೆ ಹಾಗೂ ಇಸಿಜಿಯಲ್ಲಿ ಹೃತ್ಕುಕ್ಷಿ ಪ್ರಚೋದನೆಗೊಂಡು ಮರಳಿ ಸ್ಥಿಮಿತಕ್ಕೆ ಬರುವ ಕಾಲವಾದ ಕ್ಯೂಟಿ ಅವಧಿಗೆ ಒತ್ತು ಕೊಟ್ಟವು. 2013ರಲ್ಲಿ ಆರಂಭವಾದ ಸಿಪಾ (ಔಷಧದ ಲಯದೋಷದ ಅಪಾಯವನ್ನು ಸಮಗ್ರವಾಗಿ ಪರಿಶೀಲಿಸುವ) ಯೋಜನೆ ಹಲವು ಪ್ರವಾಹಗಳನ್ನು ಒಟ್ಟಿಗೆ ಅಳೆದು, ಗಣಕ ಮಾದರಿಯ ಮೂಲಕ ಅಪಾಯವನ್ನು ತೂಗುವತ್ತ ಹೊರಳಿತು. ಇವುಗಳ ಮೂಲಪಠ್ಯವನ್ನೇ ಓದಿ. ಇಸಿಜಿಯಲ್ಲಿ ಕ್ಯೂಟಿಯನ್ನು ಬಡಿತದ ವೇಗಕ್ಕೆ ತಕ್ಕಂತೆ ಸರಿಹೊಂದಿಸುವ ಬ್ಯಾಜೆಟ್ ಸೂತ್ರ ಹೃದಯಬಡಿತ ವೇಗವಾದಾಗ ಕ್ಯೂಟಿಯನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ ಎಂಬುದನ್ನೂ, ಅಂಥಲ್ಲಿ ಫ್ರಿಡೆರಿಸಿಯಾ ಸೂತ್ರ ಏಕೆ ಮೇಲೆಂಬುದನ್ನೂ ಅರಿತಿರಿ.

ಮುಂದೆ ವಿಶ್ವವಿದ್ಯಾಲಯ, ಔಷಧ ಕಂಪನಿ, ನಿಯಂತ್ರಣ ಸಂಸ್ಥೆ ಎಂಬ ಮೂರು ದಾರಿಗಳಿವೆ, ಒಂದರಿಂದ ಇನ್ನೊಂದಕ್ಕೆ ದಾಟುವುದೂ ಸಾಧ್ಯ. ಕಂಪನಿ ಸೇರುವುದಾದರೆ, ಕೈಬಿಟ್ಟ ಅಣುಗಳ ಫಲಿತಾಂಶಗಳನ್ನು ಪ್ರಕಟಿಸಲು ಅಲ್ಲಿ ಅನುಮತಿ ಸಿಗುತ್ತದೆಯೇ ಎಂದು ಸಂದರ್ಶನದಲ್ಲೇ ಕೇಳಿ. ಸುರಕ್ಷತೆಯ ಮಾದರಿಗಳನ್ನು ಪರೀಕ್ಷಿಸಿ ತಿದ್ದಲು ವಿಫಲವಾದ ಔಷಧಗಳ ದತ್ತಾಂಶವೇ ಎಲ್ಲರಿಗೂ ಬೇಕಾಗಿರುವುದು.